ಇಟ್ಟೊ ನೇಯ್ದ ಸೊಟ್ಟ ಮೂಲೆ

ಹುಲ್ಲುಗಾವಲಿನ ವ್ಯಾಜ್ಯಕ್ಕೆಂದು ಖೆನಿಫ್ರಾ ಪಟ್ಟಣಕ್ಕೆ ಬಂದಿದ್ದ ಕುರಿಗಾಹಿ ಮೊಹಾ, ವಕೀಲರ ಕಚೇರಿಯ ಬೆಂಚಿನ ಮೇಲೆ ಕಾಯುತ್ತ ಕೂತಿದ್ದ. ಪಕ್ಕದಲ್ಲಿ ಬೇರೊಂದು ವ್ಯಾಜ್ಯಕ್ಕೆ ಬಂದಿದ್ದ ಅತ್ತೆ ತುದಾ, ಅವಳ ಸೊಸೆ ಇಟ್ಟೊ. ಇಬ್ಬರ ಮಡಿಲ ಮೇಲೂ ಹರಡಿಕೊಂಡಿದ್ದ ಒಂದೇ ಜಮಖಾನ. ಅವರ ಮಾತು ಮೊಹಾನ ಕಿವಿಗೂ ಬೀಳುತ್ತಿತ್ತು.

"ಜಮಖಾನದ ಕಾರ್ಖಾನೆಯವನು ನಮ್ಮ ಚಿತ್ತಾರಾನ ಸರ್ಕಾರದಲ್ಲಿ ತನ್ನ ಹೆಸರಿಗೆ ಬರೆಸಿಕೊಂಡಿದಾನಂತೆ," ಎಂದಳು ಇಟ್ಟೊ. "ಇನ್ನು ಸಂತೇಲಿ ಮಾರಿದರೆ ನಾವೇ ಕಳ್ಳರು."

"ಇರಬಹುದಮ್ಮ. ಆ ಮಹಾನುಭಾವ ತೊಟ್ಟಿಲಲ್ಲೇ ಮಗ್ಗ ಹೂಡಿದ್ದನೋ ಏನೋ!" ಎಂದಳು ತುದಾ.

"ವಕೀಲರು ಅವನ ಜಮಖಾನಾನೂ ತರಿಸಿ ನೋಡಿದರು, ಅತ್ತೆ. ಅದರಲ್ಲೂ ನಮ್ಮದರ ಹಾಗೇ ಈ ಮೂಲೆ ಸೊಟ್ಟಗೇ ಇದೆ."

"ಅಯ್ಯೋ, ಕದಿಯೋಕೆ ನಿನ್ನ ತಪ್ಪೇ ಬೇಕಾಗಿತ್ತಾ ಆ ಮುಠ್ಠಾಳನಿಗೆ?"

"ಆ ತಪ್ಪೇ ಈಗ ನಮ್ಮ ಸಾಕ್ಷಿ. ಅದು ನನ್ನ ಕೈಯ ತಪ್ಪೇ ಅಂತ ಕೋರ್ಟಲ್ಲಿ ನೀವು ಹೇಳಬೇಕಂತೆ."

"ನೀನು ಸೊಸೆಯಾಗಿ ಬಂದಾಗಿಂದ ಊರಿಗೆಲ್ಲ ಅದನ್ನೇ ಸಾರಿದೀನಿ. ಇದಕ್ಕೆ ವಕೀಲ ಬೇರೆ ಬೇಕಾ?"

"ಜಡ್ಜಿ ಮುಂದೆ ಮಾತ್ರ ಬೈಯಬೇಡಿ. ಮೆಲ್ಲಗೆ ಹೇಳಿ, ಸಾಕು."

ಒಳಗಿನಿಂದ ಅವರಿಬ್ಬರಿಗೆ ವಕೀಲರ ಕರೆ ಬಂತು. ತುದಾ ಎದ್ದು ಜಮಖಾನವನ್ನು ಸೊಸೆಯ ಮಡಿಲಿಂದ ಎಳೆದುಕೊಂಡು ಹೆಗಲಿಗೇರಿಸಿದಳು.

"ಬೈಯದೆ ಹೇಳಿದರೆ, ನಾನು ನಿನ್ನ ಅತ್ತೆ ಅಂತ ಯಾವ ಜಡ್ಜಿ ನಂಬ್ತಾನೆ? ನಡಿ ಒಳಗೆ."