ಬಳೆ ಚೂರಿನ ಶರ

ಈ ಸಭೆಯ ಅಧ್ಯಕ್ಷರೂ ಶಾಲಾಭಿವೃದ್ಧಿ ಸಮಿತಿಯ ಹಿರಿಯರೂ ಆದ ರಂಗಸ್ವಾಮಿಯವರೇ, ನನಗೆ ಇದೇ ಶಾಲೆಯಲ್ಲಿ ರೇಖಾಗಣಿತ ಕಲಿಸಿ ಇವತ್ತು ತಮ್ಮ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಟ್ಟಿರುವ ಮುಖ್ಯೋಪಾಧ್ಯಾಯಿನಿ ಮಂಗಳಮ್ಮ ಮೇಡಂ ಅವರೇ, ವೇದಿಕೆಯ ಮೇಲಿನ ಗಣ್ಯರೇ, ಸಿಂಧಘಟ್ಟದ ತಾಯಂದಿರೇ, ಸಭಿಕರೇ, ಮತ್ತು ಡ್ಯಾನ್ಸಿನ ಬಟ್ಟೆ ತೊಟ್ಟು ಈ ಭಾಷಣ ಯಾವಾಗ ಮುಗಿಯುತ್ತದೋ ಎಂದು ಕಾಯುತ್ತಿರುವ ಮಕ್ಕಳೇ.

ವಾರ್ಷಿಕೋತ್ಸವದಲ್ಲಿ ಗಣಿತದ ಬಗ್ಗೆ ಮಾತಾಡು ಎಂದರು ಮೇಡಂ. ಪಾಂಡವಪುರದ ಕಾಲೇಜಿನಲ್ಲಿ ನಾನು ದಿನವೂ ಮಾಡುವುದು ಅದನ್ನೇ. ಅಲ್ಲಿ ಹುಡುಗರು ಹಾಜರಾತಿಗೆ ಹೆದರಿ ಕೂತಿರುತ್ತಾರೆ, ಇಲ್ಲಿ ನೀವು ಊಟ ಇನ್ನೂ ಆಗಿಲ್ಲ ಎಂದು ಕೂತಿದ್ದೀರಿ. ಎರಡೂ ಒಂದೇ ಬಿಡಿ.

ಮಕ್ಕಳೇ, ನಿಮಗೆ ಸೈನು, ಕೊಸೈನು, ಟ್ಯಾನು ಗೊತ್ತು. ಅವರ ಒಡಹುಟ್ಟಿದವರು ಗೊತ್ತೇ? ವರ್ಸೈನು, ಕವರ್ಸೈನು, ಹ್ಯಾವರ್ಸೈನು, ಎಕ್ಸ್‌ಸೀಕೆಂಟು. ಒಂದು ಕಾಲದಲ್ಲಿ ಇವರೆಲ್ಲ ಪುಸ್ತಕದಲ್ಲಿ ಒಟ್ಟಿಗೇ ಇದ್ದವರು. ಕ್ಯಾಲ್ಕುಲೇಟರು ಬಂತು, ಮೂವರಿಗೆ ಬಟನ್ ಸಿಕ್ಕಿತು, ಉಳಿದವರಿಗೆ ಸಿಗಲಿಲ್ಲ. ಹೀಗೆ ಮನೆಯಿಂದ ಹೊರಗಾದವರಲ್ಲಿ ಒಬ್ಬರನ್ನು ನಾನು ಹುಡುಕಿಕೊಂಡು ಹೋದೆ. ಯಾಕೆ ಹೋದೆ? ನಮ್ಮವ್ವನಿಗೆ ಬಳೆ ತೊಡಿಸಬೇಕಿತ್ತು, ಅದಕ್ಕೆ.

ಇದು ನಾನು ಬರೆದುಕೊಂಡು ಬಂದದ್ದರಲ್ಲಿ ಇಲ್ಲ. ಇರಲಿ, ಮೊದಲು ಪಾಠ ಮುಗಿಸುತ್ತೇನೆ.

ಒಂದು ಬಿಲ್ಲು ನೆನೆದುಕೊಳ್ಳಿ. ಬಾಗಿದ ಕಡ್ಡಿ ವೃತ್ತದ ತುಂಡು. ಅದರ ಎರಡು ತುದಿಗೆ ಕಟ್ಟಿದ್ದು ಹೆದೆ. ಹೆದೆಯ ನಡುವಿನಿಂದ ಬಿಲ್ಲಿನ ನಡುವಿಗೆ ಎಷ್ಟು ದೂರವೋ ಅದೇ ಶರ, ಅಂದರೆ ಬಾಣ. ನಮ್ಮ ಹಳೆಯ ಜ್ಯೋತಿರ್ಗಣಿತದವರು ಅದಕ್ಕೆ ಉತ್ಕ್ರಮಜ್ಯಾ ಎಂದೂ ಹೆಸರಿಟ್ಟಿದ್ದರು. ಅದೇ ವರ್ಸೈನು. ಒಂದರಲ್ಲಿ ಕೊಸೈನನ್ನು ಕಳೆದರೆ ಉಳಿಯುವುದು, ಅಷ್ಟೇ. ಅಷ್ಟಕ್ಕೆ ಬೇರೆ ಹೆಸರು ಯಾಕೆ ಎಂದು ಕೇಳುತ್ತೀರಾ? ಕೋನ ತೀರಾ ಸಣ್ಣದಾದಾಗ ಕೊಸೈನು ಒಂದಕ್ಕೆ ಅಂಟಿಕೊಂಡಂತೆ ಇರುತ್ತದೆ, ಕಳೆಯಲು ಹೋದರೆ ಕೈಗೆ ಏನೂ ಸಿಗುವುದಿಲ್ಲ. ಆ ಸಣ್ಣ ಉಳಿಕೆಯನ್ನೇ ಮೊದಲೇ ಲೆಕ್ಕ ಹಾಕಿ ಕೋಷ್ಟಕ ಮಾಡಿಟ್ಟಿದ್ದರು. ಹಡಗಿನವರು ಅದರ ಅರ್ಧವನ್ನು, ಅಂದರೆ ಹ್ಯಾವರ್ಸೈನನ್ನು ಹಿಡಿದು ಬಂದರಿನಿಂದ ಬಂದರಿಗೆ ಎಷ್ಟು ದೂರ ಎಂದು ಕಂಡುಕೊಂಡರು. ರೈಲಿನವರು ಇವತ್ತಿಗೂ ಹಳಿಯ ತಿರುವಿನಲ್ಲಿ ದಾರ ಎಳೆದು ಹಿಡಿದು ನಡುವಿನ ಸಂದನ್ನು ಅಳೆಯುತ್ತಾರೆ, ಅದನ್ನು ವರ್ಸೈನು ಎಂದೇ ಕರೆಯುತ್ತಾರೆ. ಹಿಂದಿನ ಸಾಲು, ಮೊಬೈಲು ಒಳಗೆ.

ಈಗ ನೋಡಿ ಇದರ ಚಂದ. ವೃತ್ತ ಪೂರ್ತಿ ಇರಬೇಕಿಲ್ಲ, ಮುರಿದ ಚೂರೊಂದು ಸಾಕು. ಅರ್ಧ ಹೆದೆಯನ್ನು ಅದರಿಂದಲೇ ಗುಣಿಸಿ, ಶರದಿಂದ ಭಾಗಿಸಿ, ಬಂದದ್ದಕ್ಕೆ ಶರವನ್ನು ಕೂಡಿಸಿ. ಇಡೀ ವೃತ್ತದ ವ್ಯಾಸ ಬಂದು ಎದುರಿಗೆ ನಿಲ್ಲುತ್ತದೆ.

ನನ್ನ ಹತ್ತಿರ ಒಂದು ಚೂರು ಇತ್ತು. ನಮ್ಮಪ್ಪ ಚಲುವಯ್ಯ ತೀರಿಕೊಂಡಾಗ ನಾನು ಏಳನೇ ಕ್ಲಾಸು. ಹನ್ನೊಂದನೆಯ ದಿನ ಕೆರೆ ಏರಿಯ ಮೇಲೆ ಅವ್ವನನ್ನು ಕೂರಿಸಿ ಬಳೆ ಒಡೆದರು. 'ಮಕ್ಳು ನೋಡ್ಬಾರ್ದು, ಅತ್ಲಾಗ್ ಓಗು' ಅಂದರು ದೊಡ್ಡವರು. ಹೋದ ಹಾಗೆ ಮಾಡಿ, ಎಲ್ಲರೂ ಹೊರಟ ಮೇಲೆ ಬಂದು ಒಂದು ಚೂರು ಆಯ್ದುಕೊಂಡೆ. ಯಾಕೆ ಆಯ್ದುಕೊಂಡೆ ಎಂದು ಆಗಲೂ ಗೊತ್ತಿರಲಿಲ್ಲ.

ಹೋದ ವಾರ ಕೆ.ಆರ್. ಪೇಟೆಯ ಬಳೆ ಅಂಗಡಿಯಲ್ಲಿ ನಿಂತೆ. ಬಿಕೋ ಎನ್ನುವ ಅವ್ವನ ಕೈ ನೋಡಿ ನೋಡಿ ಸಾಕಾಗಿತ್ತು ನನಗೆ. ಅಂಗಡಿಯವರು 'ಎಷ್ಟರ ಸೈಜು?' ಎಂದರು. ಅವ್ವನನ್ನು ಕೇಳುವ ಹಾಗಿಲ್ಲ, ಕೇಳಿದರೆ 'ಬುಡು ಮಗ' ಎಂದು ಎದ್ದೇ ಹೋಗುತ್ತಾಳೆ. ನಿದ್ದೆ ಮಾಡುವಾಗ ದಾರ ಸುತ್ತಿ ಅಳೆಯಬಾರದಿತ್ತೇ ಎನ್ನುತ್ತೀರಾ? ತಾಯಂದಿರಿಗೆ ಗೊತ್ತು, ಬಳೆ ಮಣಿಕಟ್ಟಿನ ಅಳತೆಯಲ್ಲ, ಮಡಿಸಿದ ಕೈಯ ಗೆಣ್ಣಿನ ಅಳತೆ. ಹಾಗಾಗಿ ಮನೆಗೆ ಬಂದು, ಎತ್ತಿಟ್ಟಿದ್ದ ಆ ಚೂರಿನ ಒಳಬದಿಗೆ ಸ್ಕೇಲು ಇಟ್ಟೆ. ಹೆದೆ ಮೂರು ಸೆಂಟಿಮೀಟರು, ಶರ ನಾಲ್ಕು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು. ವ್ಯಾಸ ಎರಡೂ ಕಾಲು ಇಂಚು ಬಂತು. ಬಳೆಯವರ ಭಾಷೆಯಲ್ಲಿ ಎರಡು ನಾಲ್ಕು. ಆ ಲೆಕ್ಕ ಬಂದಾಗ ನಾನು ಅತ್ತೆ. ಇಷ್ಟು ವರ್ಷ ಪಾಠ ಮಾಡಿದ್ದೇನೆ, ಉತ್ತರ ನೋಡಿ ಅತ್ತದ್ದು ಅದೊಂದೇ ಸಲ.

ಒಂದು ಡಜನ್ ತಂದು ಅವ್ವ ಸೀಗೆಪುಡಿ ಇಡುವ ಗೂಡಿನಲ್ಲಿ ಇಟ್ಟೆ. ಮಾರನೆಯ ದಿನವೂ ಅವಳ ಕೈ ಬರಿದೇ ಇತ್ತು. ಒಪ್ಪಲಿಲ್ಲ ಅಂದುಕೊಂಡೆ. ಎರಡು ದಿನ ಬಿಟ್ಟು ಅವರೆಕಾಯಿ ಬಿಡಿಸುತ್ತಾ, ತಲೆ ಎತ್ತದೆ ಹೇಳಿದಳು: 'ಸಹನ, ನೀನ್ ತಂದಿದ್ ಬಳೆ ಗೆಣ್ಣತ್ರ ಸಿಕ್ಕಾಕತಾವೆ. ಸೋಪಚ್ಚುದ್ರೂ ಒಳಕ್ಕೋಗ್ನಿಲ್ಲ ಕಣ್ ಮಗ. ಅದ್ಯಾವ್ ಕಾಲದ್ ಲೆಕ್ಕ ಮಾಡ್ದೆ?'

ಸೋಪು ಹಚ್ಚಿ ನೋಡಿದ್ದಳು. ಸಭಿಕರೇ, ನನಗೆ ಅಷ್ಟೇ ಕೇಳಿಸಿದ್ದು.

ಲೆಕ್ಕ ತಪ್ಪಿರಲಿಲ್ಲ. ಅದು ಅವಳ ಮೂವತ್ತರ ಕೈ. ಆಮೇಲೆ ಆ ಕೈ ಎಷ್ಟು ಗದ್ದೆ ನಾಟಿ ಮಾಡಿತು, ಎಷ್ಟು ಕಬ್ಬಿನ ಹೊರೆ ಕಟ್ಟಿತು, ಗೆಣ್ಣು ಎಷ್ಟು ಊದಿತು, ಇದು ಯಾವ ಶರದಲ್ಲಿ ಬರುತ್ತದೆ? ಓಡಿ ಹೋಗಿ ಎರಡು ಎಂಟರ, ಅಂದರೆ ಎರಡೂವರೆ ಇಂಚಿನ ಬಳೆ ತಂದೆ. ಅದಕ್ಕೆ ಅವ್ವ, 'ಆಕ್ಕೊಂಡು ಎಲ್ಲಿಗೋಗ್ಲಿ? ನೋಡ್ದೋರು ಏನಂದಾರು?' ಅಂದಳು.

ನೋಡಿದವರು ಎಂದರೆ ಯಾರು? ಬೇರೆ ಊರಿನವರೇ? ನೀವೇ ಅಲ್ಲವೇ, ನಾನೇ ಅಲ್ಲವೇ? ಅಂದು ಕೆರೆ ಏರಿಯ ಮೇಲೆ ನಿಂತಿದ್ದವರಲ್ಲಿ ಕೆಲವರು ಇಲ್ಲೂ ಕೂತಿದ್ದೀರಿ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಇತ್ತು, ಬಹಳ ದಿನ ಇತ್ತು. ಈಗ ಒಂದು ಕುತೂಹಲ ಮಾತ್ರ ಉಳಿದಿದೆ: ನಮ್ಮವ್ವ ಮಂಚಮ್ಮ ಬಳೆ ತೊಟ್ಟು ಎದುರಿಗೆ ಬಂದರೆ ನೀವು ನಿಜವಾಗಿ ಏನನ್ನುತ್ತೀರಿ?

ಇವತ್ತು ಬೆಳಿಗ್ಗೆ ಆ ಬಳೆಯ ಡಬ್ಬಿಯನ್ನು ಅವಳ ಹಾಸಿಗೆಯ ಮೇಲೆ ಇಟ್ಟು ನಾನು ಮೊದಲೇ ಬಂದುಬಿಟ್ಟೆ. ಅವ್ವ ಆಮೇಲೆ ಬಂದು ಮೂರನೇ ಸಾಲಿನಲ್ಲಿ ಕೂತಳು, ಎರಡೂ ಕೈ ಸೆರಗಿನೊಳಗೆ. ಮಾತು ಶುರುವಾದಾಗಿನಿಂದ ನಾನು ನೋಡುತ್ತಲೇ ಇದ್ದೇನೆ, ಗೊತ್ತಾಗುತ್ತಿಲ್ಲ. ಅವಳ ವಿಷಯವನ್ನು ಇಷ್ಟು ಜನರ ಮುಂದೆ ಹೇಳಬೇಕೆಂದು ನಾನು ಬಂದಿರಲಿಲ್ಲ. ಅವ್ವ, ಬಯ್ಯಬೇಡ.

ಬಯ್ಯುತ್ತಿದ್ದಾಳೆ. ಎದ್ದೇ ನಿಂತಳು. ಸಾಕು, ಇಳಿ ಕೆಳಗೆ ಎಂದು ಕೈ ಎತ್ತಿ ಬೀಸುತ್ತಿದ್ದಾಳೆ. ಸೆರಗು ಮೊಣಕೈಗೆ ಜಾರಿದೆ. ಕೈ ತುಂಬ ಇವೆ. ನೀವೆಲ್ಲ ತಿರುಗಿ ನೋಡುತ್ತಿದ್ದೀರಿ, ಅವಳು ಕೈ ಇಳಿಸುತ್ತಿಲ್ಲ.

ಸರಿ ಕಣವ್ವ, ಇಳೀತೀನಿ. ಕರೆದು ಕೂರಿಸಿದ ಮೇಡಂ ಅವರಿಗೆ, ಊಟ ತಡ ಮಾಡಿದರೂ ಎದ್ದು ಹೋಗದ ನಿಮಗೆ, ನಾನು ಋಣಿ. ನಮಸ್ಕಾರ.