ತಂಗಿಗೆ ಬರೆದ ಕಾಗದ

ಗಲ್ಫಿನ ರಿಫಾ ಪಟ್ಟಣದ ಲಾಂಡ್ರಿಯಲ್ಲಿ ಚನಿಯ ಇಸ್ತ್ರಿ ಹಾಕುತ್ತಿದ್ದ. ಊರಿಗೆ ಹೊರಟಿದ್ದ ಸುಬೈದಾ, ಮದುವೆಯಾದಾಗಿನಿಂದ ಫೋನ್ ಎತ್ತದ ತಂಗಿಗೆ ಅವನು ಬರೆದಿದ್ದ ಕಾಗದ ಓದುತ್ತಿದ್ದರು. ಬಟ್ಟೆಗಾಗಿ ಕಾದು ಕುಳಿತಿದ್ದ ಚಂದ್ರಾವತಿಯ ಕಿವಿ ಅತ್ತಲೇ ಇತ್ತು.

“ಎರಡು ವರ್ಷ ಕೂತು ಬರೆದದ್ದು ಇಷ್ಟೆಯಾ ಮಾರಾಯ? ಬರೀ ಕ್ಷೇಮ, ಕ್ಷೇಮ. ಅವಳ ಮದುವೆಗೆ ಯಾಕೆ ಹೋಗಲಿಲ್ಲ?”

“ರಜೆ ಸಿಗಲಿಲ್ಲ ಅಂತ ಬರೆದಿದ್ದೇನಲ್ಲ ಸುಬೈದಾಕ್ಕ.”

“ಅದು ಎಲ್ಲರೂ ಬರೆಯುವುದು. ಮುಹೂರ್ತದ ಹೊತ್ತಿಗೆ ನೀನು ಏನು ಮಾಡ್ತಿದ್ದೆ?”

ಇಸ್ತ್ರಿಪೆಟ್ಟಿಗೆ ನಿಂತಿತು.

“ಯಾರದ್ದೋ ಮದುವೆ ಸೀರೆ ಬಂದಿತ್ತು. ತಂಗಿಯದ್ದೇ ಅಂತ ಎಣಿಸಿ ಮೂರು ಸಲ ಇಸ್ತ್ರಿ ಹಾಕಿದೆ.”

“ಈಗ ಹೇಳಿದ ಹಾಗೇ ಬರಿ. ಒಂದಕ್ಷರ ಚಂದ ಮಾಡ್ಬೇಡ.”

ಬರೆದು ಕೊಟ್ಟ.

“ಒಮ್ಮೆ ಓದಿ ನೋಡಿ ಅಕ್ಕ.”

“ಇನ್ನು ಅವಳು ಓದಲಿ.”

ಕಾಗದವನ್ನು ಪಾಸ್‌ಪೋರ್ಟಿನೊಳಗೆ ಇಟ್ಟುಕೊಂಡು ಸುಬೈದಾ ಏರ್‌ಪೋರ್ಟಿನ ಕಾರು ಹತ್ತಿದರು.