ಬ್ಯಾಂಡ್‌ಸ್ಟ್ಯಾಂಡಿನಲ್ಲಿ ಬಾಯಿಬಡುಕ

ಇದು ಕಟ್ಟಿದ ಕತೆಯಲ್ಲ. ನಮ್ಮ ಚಿಕ್ಕಮ್ಮನ ಮಗಳಿಗೇ ಆದದ್ದು. ಅವಳು ದೊಡ್ಡಾಸ್ಪತ್ರೆಯಲ್ಲಿ ಹೆಡ್ ನರ್ಸ್. ಜ್ವರ ಎಷ್ಟಿದೆ ಎಂದು ಕೇಳಿದರೆ ಹಣೆ ಮುಟ್ಟಿ ಅಂದಾಜು ಹೇಳುವವಳಲ್ಲ, ಥರ್ಮಾಮೀಟರ್ ನೋಡಿಯೇ ಹೇಳುವವಳು. ಅಂಥವಳ ಮಾತನ್ನು ಅನುಮಾನಿಸುವವರಿದ್ದರೆ ಈಗಲೇ ಎದ್ದು ಹೋಗಬಹುದು. ನಡುವೆ ಎದ್ದು ಕುರ್ಚಿ ಎಳೆಯುವುದು ಬೇಡ.

ಡ್ಯೂಟಿ ಮುಗಿಸಿ ಅವಳು ಮನೆಗೆ ಬರುತ್ತಿದ್ದುದು ಪಾರ್ಕಿನ ಒಳದಾರಿಯಲ್ಲಿ. ಆವತ್ತು ತಡವಾಗಿತ್ತು. ದೀಪದ ಕಂಬಗಳಲ್ಲಿ ಅರ್ಧ ಉರಿಯುತ್ತಿದ್ದವು, ಅರ್ಧ ಇಲ್ಲ. ಆಲದ ಮರದ ಹತ್ತಿರ ಬಂದಾಗ ಬಿಳಲಿಗೆ ಬಿಳಲು ಉಜ್ಜುವ ಸದ್ದು. ಕಿರ್... ಕಿರ್... ಅದರಾಚೆ ಕತ್ತಲಲ್ಲಿ ಒಂದು ಧ್ವನಿ. ಮೂಗಿನಲ್ಲಿ ಸಿಕ್ಕಿಕೊಂಡು, ತಗಡಿನ ಮೇಲೆ ಉರುಳಿ ಬಂದಂಥ ಧ್ವನಿ.

ದೆವ್ವವಾಗಿದ್ದರೆ ಎಷ್ಟೋ ಮೇಲಿತ್ತು. ಅದು ಅವಳ ಗಂಡ.

ಅವನಿಗೆ ನಮ್ಮ ಕಡೆಯವರೆಲ್ಲ ಇಟ್ಟ ಹೆಸರು ರೇಡಿಯೋ. ರೇಡಿಯೋಗಾದರೂ ತಿರುಗಿಸಿ ನಿಲ್ಲಿಸಲು ಒಂದು ಗುಂಡಿ ಇರುತ್ತದೆ. ಯಾವ ಕೆಲಸದಲ್ಲೂ ಕಾಲೂರದೆ, ಕೊನೆಗೆ ಊರು ನೋಡಲು ಬಂದವರಿಗೆ ಹಳೆಯ ಕಟ್ಟಡ ತೋರಿಸುವ ಕೆಲಸ ಹಿಡಿದಿದ್ದ. ಒಂದು ಪುಸ್ತಕ ತೆರೆದು ನೋಡಿದವನಲ್ಲ. ತಲೆಗೊಂದು ಟೋಪಿ, ಕೊರಳಿಗೆ ಮೈಕಿನ ಪೆಟ್ಟಿಗೆ, ಬಾಯಿಗೆ ಬಂದದ್ದೇ ಚರಿತ್ರೆ.

ಆಲದ ಮರದಾಚೆ, ಪಾರ್ಕಿನ ನಟ್ಟನಡುವೆ, ಹಳೆಯ ಬ್ಯಾಂಡ್‌ಸ್ಟ್ಯಾಂಡ್ ಇದೆ. ಎಂಟು ಮೂಲೆಯ ಕಲ್ಲಿನ ಜಗಲಿ, ಎಂಟು ಕಬ್ಬಿಣದ ಕಂಬ, ಮೇಲೆ ಬಿಚ್ಚಿದ ಕೊಡೆಯಂಥ ಮರದ ಚಾವಣಿ. ಒಂದು ಕಾಲದಲ್ಲಿ ಪ್ರತಿ ಭಾನುವಾರ ಸಂಜೆ ಅಲ್ಲಿ ಬ್ಯಾಂಡ್ ನುಡಿಯುತ್ತಿತ್ತು. ಜನ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ಬೆನ್ನು ನೆಟ್ಟಗೆ ಮಾಡಿ ಕೂತು ಕೇಳುತ್ತಿದ್ದರು. ಈಗ ಕಂಬದ ಮೇಲೆಲ್ಲ ಕೀಲಿಕೈಯಿಂದ ಕೆರೆದ ಹೆಸರುಗಳು, ಜಗಲಿಯ ಮೇಲೆ ಬೆರಳುದ್ದ ದೂಳು, ಐಸ್‌ಕ್ರೀಮ್ ಕಡ್ಡಿಗಳು. ಗುಡಿಸಬೇಕು ಎಂದು ಯಾರಿಗೂ ಅನಿಸಿಲ್ಲ. ಫೋಟೋ ತೆಗೆಸಿಕೊಳ್ಳಬೇಕು ಎಂದು ಮಾತ್ರ ಎಲ್ಲರಿಗೂ ಅನಿಸುತ್ತದೆ.

ಅವಳು ಮರದ ಮರೆಯಲ್ಲಿ ನಿಂತಳು. ರೇಡಿಯೋ ಮೆಟ್ಟಿಲ ಮೇಲೆ ನಿಂತು ಕೈ ಬೀಸುತ್ತಿದ್ದ.

"ಈ ಬ್ಯಾಂಡಿನಲ್ಲಿ ಕಾರ್ನೆಟ್ ಊದೋನು ಒಬ್ಬ ಇದ್ದ. ಮಹಾ ಕುಡುಕ! ಒಂದು ಸಂಜೆ ಕಂಠಪೂರ್ತಿ ಕುಡಿದು ಬಂದ... ಊದ್ತಾ ಊದ್ತಾ ತೂರಾಡಿದ... ಇದೇ ಮೆಟ್ಟಿಲಿಂದ ಉರುಳಿದ. ಕಟಕ್! ಕತ್ತು ಮುರೀತು. ಇವತ್ತಿಗೂ ಕತ್ತಲಾದ ಮೇಲೆ..."

ಜೇಬಿನೊಳಗಿದ್ದ ರಿಮೋಟ್ ಒತ್ತಿದ. ಮೆಟ್ಟಿಲ ಕೆಳಗೆ ಅಡಗಿಸಿಟ್ಟಿದ್ದ ಸ್ಪೀಕರ್ ಡಬ್ಬಿ 'ಪೋಂ...' ಎಂದಿತು. ನೋಡಲು ಬಂದವರು ಕಿರುಚಿದರು, ನಕ್ಕರು, ಒಬ್ಬರ ಮೇಲೊಬ್ಬರು ಬಿದ್ದರು.

ಆ ಬ್ಯಾಂಡಿನಲ್ಲಿ ಕಾರ್ನೆಟ್, ಅಂದರೆ ಆ ಗಿಡ್ಡ ಹಿತ್ತಾಳೆ ತುತ್ತೂರಿ, ಊದುತ್ತಿದ್ದವರು ಒಬ್ಬರೇ. ಅವಳ ಅಪ್ಪ. ನಮ್ಮ ಚಿಕ್ಕಪ್ಪ.

ಅವರು ಕುಡಿತದ ವಾಸನೆ ಬಂದರೆ ರಸ್ತೆಯ ಆ ಬದಿಗೆ ಹೋಗುವ ಮನುಷ್ಯರು. ಸತ್ತದ್ದು ಮನೆಯಲ್ಲಿ, ಹಾಸಿಗೆಯ ಮೇಲೆ. ಕಣ್ಣು ಮುಚ್ಚಿದ್ದು ಮಗಳ ಕೈಯೇ. ಎಂಥ ಅಚ್ಚುಕಟ್ಟಿನವರೆಂದರೆ... ಹಿತ್ತಾಳೆ ವಾದ್ಯ ಊದಿದರೆ ಉಸಿರು ಕೊಳವೆಯೊಳಗೆ ನೀರಾಗಿ ನಿಲ್ಲುತ್ತದೆ. ಕೆಳಗಿರುವ ಪುಟ್ಟ ಕೀಲಿ ಒತ್ತಿ, ಸ್ವರವಿಲ್ಲದೆ ಒಮ್ಮೆ ಊದಿ, ಆ ನೀರನ್ನು ಹೊರಗೆ ಬಿಡಬೇಕು. ಉಳಿದವರೆಲ್ಲ ನೆಲದ ಮೇಲೇ ಬಿಡುತ್ತಿದ್ದರು. ಚಿಕ್ಕಪ್ಪ ಮಾತ್ರ ಬಲಗಾಲಿನ ಪಕ್ಕ ಕರವಸ್ತ್ರವನ್ನು ಚೌಕಾಕಾರ ಮಡಿಸಿ ಹಾಸಿ, ಅದರ ಮೇಲೆ ಬಿಡುತ್ತಿದ್ದರು. ಕೂತ ಜಾಗವನ್ನು ಒದ್ದೆ ಮಾಡಿ ಎದ್ದು ಹೋಗುವುದು ಅವರಿಗೆ ಆಗದ ಮಾತು. ಆ ಕರವಸ್ತ್ರ ಒಗೆಯುವುದು ಮಗಳ ಕೆಲಸ. ಹುಡುಗಿ ಮುಖ ಕಿವುಚಿದರೆ, "ಎಂಜಲಲ್ಲಮ್ಮ, ಉಸಿರು" ಎನ್ನುತ್ತಿದ್ದರು.

ಇನ್ನು ಬ್ಯಾಂಡ್ ಮಾಸ್ಟರರದ್ದೊಂದು ಪದ್ಧತಿಯಿತ್ತು. ನುಡಿಸುವಾಗ ಕೇಳುವವರಲ್ಲಿ ಯಾರಾದರೂ ಮಾತಾಡಿದರೆ ಅವರು ಬೈಯುತ್ತಿರಲಿಲ್ಲ. ಕೋಲಿನಿಂದ ಎದುರಿನ ಸ್ಟ್ಯಾಂಡಿಗೆ ಟಕ್, ಟಕ್, ಟಕ್ ಎಂದು ತಟ್ಟುತ್ತಿದ್ದರು. ಬ್ಯಾಂಡ್ ಅರ್ಧದಲ್ಲೇ ನಿಲ್ಲುತ್ತಿತ್ತು. ಎಲ್ಲರೂ ವಾದ್ಯವನ್ನು ತೊಡೆಯ ಮೇಲಿಟ್ಟು, ಮಾತಾಡಿದವನನ್ನೇ ನೋಡುತ್ತ ಕಾಯುತ್ತಿದ್ದರು. ಅವನು ಎದ್ದು ಪಾರ್ಕಿನಿಂದ ಹೊರಗೆ ಹೋಗುವ ತನಕ. ಒಮ್ಮೆ ಊರಿನ ಬಹಳ ದೊಡ್ಡ ವಕೀಲರೇ ಹಾಗೆ ಎದ್ದು ಹೋಗಬೇಕಾಯಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಪುಟ್ಟ ಹುಡುಗಿ ಅದನ್ನು ಕಣ್ಣಾರೆ ನೋಡಿದ್ದಳು.

ಆ ರಾತ್ರಿ ಅಡುಗೆಮನೆಯಲ್ಲಿ ಅವಳು ಗಂಡನನ್ನು ಕೇಳಿದಳು.

"ನಮ್ಮಪ್ಪ ಕುಡುಕರಾ?"

"ಯಾರು ಹೇಳಿದ್ದು ಹಾಗೆ?"

"ನೀವು. ಮೈಕಿನಲ್ಲಿ."

ಅವನು ನಕ್ಕ. ನಾಚಿಕೆಯಾಗುವುದಕ್ಕೆ ಮೊದಲು ಅದು ಇರಬೇಕಲ್ಲ.

"ಅಯ್ಯೋ, ಅದಾ! ನಾನೇನು ಹೆಸರು ಹೇಳಿದ್ನಾ?"

"ಕಾರ್ನೆಟ್ ಊದ್ತಾ ಇದ್ದವರು ಒಬ್ಬರೇ ರೀ."

"ಅದು ನಿನಗೆ ಗೊತ್ತು, ನನಗೆ ಗೊತ್ತು. ಜನಕ್ಕೇನು ಗೊತ್ತು? ಹಾಸಿಗೆ ಮೇಲೆ ಮಲಗಿದ್ದಲ್ಲೇ ಹೋದ್ರು ಅಂದ್ರೆ ಯಾರು ನಿಂತು ಕೇಳ್ತಾರೆ ಹೇಳು? ನಿಮ್ಮಪ್ಪ ಬದುಕಿದ್ದಾಗ ಇಷ್ಟು ಹೆಸರು ಮಾಡಿರಲಿಲ್ಲ ಬಿಡು."

ಅವಳು ಪಾತ್ರೆಯ ಮುಚ್ಚಳವನ್ನು ಸದ್ದಿಲ್ಲದೆ ಮುಚ್ಚಿದಳು. ಸಿಟ್ಟು ಬಂದಾಗ ಪಾತ್ರೆ ಕುಕ್ಕುವ ಅಭ್ಯಾಸ ನಮ್ಮ ಮನೆತನದಲ್ಲಿಲ್ಲ.

"ಇನ್ನೊಂದು ಕೇಳು," ಎಂದ ಅವನು. "ಈ ಭಾನುವಾರ ಪಾರ್ಕಿನ ದೊಡ್ಡ ಸಾಹೇಬರೇ ಬರ್ತಾರೆ. ಅವರಿಗೆ ಹಿಡಿಸಿದ್ರೆ, ಈ ಕತೇನ ಹಿತ್ತಾಳೆ ಫಲಕದಲ್ಲಿ ಕೆತ್ತಿಸಿ ಕಂಬಕ್ಕೆ ಹಾಕಿಸ್ತಾರಂತೆ."

"ಕೆತ್ತಿಸ್ತಾರಾ?"

"ಶಾಶ್ವತವಾಗಿ! ನಾವು ಸತ್ರೂ ಇರುತ್ತೆ."

ಅವಳು ಒಲೆ ಆರಿಸಿದಳು. ಆಮೇಲೆ, "ಭಾನುವಾರ ನಾನೂ ಬರ್ತೀನಿ" ಎಂದಳು.

"ಬಾ, ಬಾ! ಮುಂದೇನೇ ಕೂತ್ಕೋ."

ಹೆಂಡತಿಗೆ ಸಂತೋಷವಾಗಿದೆ ಎಂದುಕೊಂಡ. ಅವನ ಬುದ್ಧಿ ಓಡುವುದು ಅಷ್ಟೇ ದೂರ.

ಅವಳು ನಿರ್ಧರಿಸಿಕೊಂಡಿದ್ದಳು. ಅವನು 'ಕುಡುಕ' ಎಂದ ಕ್ಷಣ ಎದ್ದು ನಿಲ್ಲಬೇಕು. ಸಾಹೇಬರ ಎದುರಿಗೇ ಸುಳ್ಳು ಎನ್ನಬೇಕು. ಗಂಡನ ಮಾನ ಹೋದರೆ ಹೋಗಲಿ, ಅಪ್ಪನ ಹೆಸರು ಆ ಕಂಬಕ್ಕೆ ಕುಡುಕನೆಂದು ಅಂಟಬಾರದು.

ಭಾನುವಾರ ಅವಳು ಎಲ್ಲರಿಗಿಂತ ಮೊದಲೇ ಹೋಗಿ ಮೆಟ್ಟಿಲ ಕೆಳಗಿನ ಸ್ಪೀಕರ್ ಡಬ್ಬಿ ತೆಗೆದಳು. ಆಫ್ ಮಾಡಿ ಕೈಚೀಲದೊಳಗೆ ಹಾಕಿ ಜಿಪ್ ಎಳೆದಳು. ಇದನ್ನು ನೆನಪಿಡಿ.

ಕತ್ತಲಾಗುವ ಹೊತ್ತಿಗೆ ಗುಂಪು ಬಂತು. ಒಬ್ಬನೂ ನೆಟ್ಟಗೆ ನಿಲ್ಲಲಾರ. ದಾರಿಯಂಚಿನ ಕಂಬಿಗೆ ಒರಗಿದವರು, ಕಂಬಿಯ ಮೇಲೆ ಕಾಲು ಹಾಕಿದವರು, ಬಾಯಿ ತುಂಬ ತಿನ್ನುತ್ತ ಮಾತಾಡುವವರು. ಸಾಹೇಬರೆಂಬವರು ಕೈಗಡಿಯಾರವನ್ನೇ ನೋಡುತ್ತ ನಿಂತಿದ್ದರು. ಇವರು ಇತಿಹಾಸವನ್ನು ಉಳಿಸುವವರು! ಜಗಲಿಯ ಎದುರಿನ ಕಲ್ಲುಬೆಂಚಿನ ಮೇಲೆ ಅವಳೊಬ್ಬಳೇ ಕೂತಳು.

ರೇಡಿಯೋ ಶುರು ಮಾಡಿದ. ಆ ಕಂಬ ಆ ದೇಶದಿಂದ ಬಂತು, ಈ ಮರ ಈ ಕಾಡಿನಿಂದ ಬಂತು... ಎಲ್ಲ ಬೊಗಳೆ. ಆಮೇಲೆ ಧ್ವನಿ ತಗ್ಗಿಸಿದ.

"ಈ ಬ್ಯಾಂಡಿನಲ್ಲಿ ಕಾರ್ನೆಟ್ ಊದೋನು ಒಬ್ಬ ಇದ್ದ. ಮಹಾ ಕುಡುಕ..."

ಅವಳು ಏಳಲು ಕೈಯೂರಿದಳು.

ಟಕ್. ಟಕ್. ಟಕ್.

ಮರಕ್ಕೆ ಮರ ತಟ್ಟಿದ ಸದ್ದು. ಖಾಲಿ ಜಗಲಿಯ ಮೇಲಿಂದ.

ಅವಳ ಕೈ ಚೀಲದೊಳಗೆ ಹೋಯಿತು. ಡಬ್ಬಿ ತಣ್ಣಗಿತ್ತು. ಅದರ ಪುಟ್ಟ ದೀಪವೂ ಹತ್ತಿರಲಿಲ್ಲ. ಅವಳು ಮೆಲ್ಲನೆ ಮತ್ತೆ ಕೂತಳು. ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈ ತೊಡೆಯ ಮೇಲಿಟ್ಟು... ಚಿಕ್ಕಂದಿನಲ್ಲಿ ಕೂರುತ್ತಿದ್ದ ಹಾಗೆ.

ಜೀರುಂಡೆಗಳು ನಿಂತವು. ಆಲದ ಬಿಳಲುಗಳು ನಿಂತವು.

ಕಲ್ಲಿನ ಮೇಲೆ ಕುರ್ಚಿಯ ಕಾಲು ಸರಿಯಿತು. ಕರ್ರ್... ಒಂದು ಹಾಳೆ ಮಗುಚಿತು. ಸರ್... ಯಾರೋ ವಾದ್ಯದ ಗುಂಡಿಗಳನ್ನು ಸುಮ್ಮನೆ ಒತ್ತಿ ನೋಡಿದರು. ಟುಪ್... ಟುಪ್... ಟುಪ್...

ಆಮೇಲೆ, ಎಡತುದಿಯಿಂದ. ಫ್ಫೂ... ತಟ್.

ಅದರ ಪಕ್ಕದಲ್ಲಿ. ಫ್ಫೂ... ತಟ್.

ಅದರ ಪಕ್ಕದಲ್ಲಿ. ಫ್ಫೂ... ತಟ್.

ಹಾಗೇ ಅರ್ಧ ಚಂದ್ರಾಕಾರದಲ್ಲಿ, ಒಂದೊಂದೇ ಜಾಗದಿಂದ, ಸದ್ದು ಮೆಟ್ಟಿಲ ಕಡೆಗೆ ಬಂತು. ಮೆಟ್ಟಿಲ ಪಕ್ಕದ ಕೊನೆಯ ಜಾಗದಿಂದ 'ಫ್ಫೂ...' ಮಾತ್ರ ಬಂತು. 'ತಟ್' ಬರಲಿಲ್ಲ.

"ಸೂಪರ್!" ಎಂದ ಕಂಬಿಯ ಮೇಲೆ ಕಾಲು ಹಾಕಿದ್ದವನೊಬ್ಬ. "ಸೌಂಡು ಸುತ್ತ ಬರ್ತಿದೆ ಗುರು! ಎಷ್ಟು ಸ್ಪೀಕರ್ ಇಟ್ಟಿದ್ದಾರೆ?" ಎಲ್ಲರೂ ಚಪ್ಪಾಳೆ ತಟ್ಟಿದರು. ಇಂಥವರಿಗೆ ದೆವ್ವ ಬಂದರೂ ದಂಡ.

ರೇಡಿಯೋ ಮೈಕಿಗೆ ಅಂಗೈ ಮುಚ್ಚಿ ಬೆಂಚಿನ ಹತ್ತಿರ ಬಗ್ಗಿದ. ಬೆವರು ಕತ್ತಿಗೆ ಇಳಿದಿತ್ತು.

"ಏನೇ ಇದು?" ಪಿಸುಗುಟ್ಟಿದ.

"ನಿಮ್ಮ ಡಬ್ಬಿ ನನ್ನ ಚೀಲದಲ್ಲಿದೆ."

"ಆಫ್ ಮಾಡೇ!"

"ಆಫೇ ಇದೆ."

"...ಮತ್ತೆ?"

"ಮಾತಾಡಿದವರು ಎದ್ದು ಹೋಗ್ಲಿ ಅಂತ ಕಾಯ್ತಾ ಇದ್ದಾರೆ."

"ಯಾರು?"

ಅವಳು ಗಂಡನ ಮುಖ ನೋಡಲಿಲ್ಲ. "ಸುಳ್ಳು ಹೇಳಿದೆ ಅನ್ನಿ. ಈಗಲೇ ಅನ್ನಿ."

ಅವನು ಬಾಯಿ ತೆರೆದ. ಅಂದುಬಿಡುತ್ತಿದ್ದನೋ ಏನೋ. ಅಷ್ಟರಲ್ಲಿ ಸಾಹೇಬರು, "ಚೆನ್ನಾಗಿದೆ ರೀ. ಹೂಂ, ಮುಂದೆ ಹೇಳಿ, ಫಲಕಕ್ಕೆ ಇದೇ ಇರ್ಲಿ" ಎಂದರು.

ಹೊಗಳಿಕೆ ಬಿದ್ದದ್ದೇ ತಡ, ಅವನ ಹೆದರಿಕೆ ಹಾರಿಹೋಯಿತು. ಟೋಪಿ ಸರಿಮಾಡಿಕೊಂಡು ಮೆಟ್ಟಿಲು ಹತ್ತಿ ಮೈಕ್ ಎತ್ತಿದ.

"ಆ ಕುಡು..."

ಫ್ಫೂ...

ಬಾಯಿ ಆಡುತ್ತಿತ್ತು. ಮಾತಿರಲಿಲ್ಲ. ಕೊರಳಿನ ಪೆಟ್ಟಿಗೆಯಿಂದ ಬಂದದ್ದು ಬರೀ ಉಸಿರು. ಉದ್ದನೆಯ ಹಿತ್ತಾಳೆ ಕೊಳವೆಯಲ್ಲಿ ಸುತ್ತಿ ಬಂದಂಥ ಉಸಿರು. ಅವನು ಗಂಟಲು ಹಿಡಿದುಕೊಂಡ. ಮತ್ತೆ ಯತ್ನಿಸಿದ. ಫ್ಫೂ... ಪೆಟ್ಟಿಗೆಯ ಕೆಳಗಿನ ಅಂಚಿನಲ್ಲಿ ನೀರು ತುಂಬಿಕೊಂಡಿತು. ಒಂದು ಹನಿ ಅವನ ಬೂಟಿನ ಮೇಲೆ ಬಿತ್ತು. ತಟ್.

ಈಗ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಅವನು ಜಗಲಿಯ ಕಡೆ ತಿರುಗಿ ನೋಡಿದ. ಏನು ಕಂಡನೋ, ಇವತ್ತಿಗೂ ಹೆಂಡತಿಗೆ ಹೇಳಿಲ್ಲ. ಮೆಟ್ಟಿಲಿಳಿದ. ಟೋಪಿ ಬಿತ್ತು, ಎತ್ತಿಕೊಳ್ಳಲಿಲ್ಲ. ಗುಂಪಿನ ನಡುವಿನಿಂದ, ಆಲದ ಮರದ ಪಕ್ಕದಿಂದ, ಬಾಯಿ ತೆರೆದುಕೊಂಡೇ ಪಾರ್ಕಿನ ಹೊರಗೆ ನಡೆದುಹೋದ. ಕಬ್ಬಿಣದ ಗೇಟು ಕಿರುಗುಟ್ಟಿ ಮುಚ್ಚಿದ್ದು ಕೇಳಿಸಿತು.

ಜನ ಫೋನುಗಳನ್ನು ಎತ್ತಿ ಹಿಡಿದು ಕಾದರು. ಈಗ ಬ್ಯಾಂಡ್ ಶುರುವಾಗುತ್ತದೆ ಎಂದು. ಏನೂ ಆಗಲಿಲ್ಲ. ಇಂಥವರ ಮುಂದೆ ಅವರು ನುಡಿಸುವವರಲ್ಲ. ಜೀರುಂಡೆ ಮತ್ತೆ ಕೂಗಿತು, ಅಷ್ಟೇ.

"ಮುಗೀತೇನಮ್ಮಾ?" ಎಂದರು ಸಾಹೇಬರು.

ಅವಳು ಎದ್ದು ನಿಂತಳು. "ಆ ಕಾರ್ನೆಟ್‌ನವರು ನಮ್ಮಪ್ಪ. ಅವರು ಕುಡೀತಿರಲಿಲ್ಲ. ಮೆಟ್ಟಿಲಿಂದ ಬೀಳಲೂ ಇಲ್ಲ. ಮನೆಯಲ್ಲಿ, ನಿದ್ದೆಯಲ್ಲಿ ಹೋದ್ರು. ನಾನು ಪಕ್ಕದಲ್ಲೇ ಇದ್ದೆ."

"ಓಹೋ... ಹಾಗಾದ್ರೆ ಫಲಕದಲ್ಲಿ ಬರೆಸೋದಕ್ಕೆ ಏನಿದೆ?"

"ಏನೂ ಇಲ್ಲ. ಬರೆಸಬೇಡಿ."

ಅವರು ಗಡಿಯಾರ ನೋಡಿಕೊಂಡು ಹೊರಟರು. ಉಳಿದವರು ಅವರ ಹಿಂದೆ, ಕುರಿಗಳ ಹಾಗೆ. ಫಲಕ ಬರಲಿಲ್ಲ.

ರೇಡಿಯೋಗೆ ಮರುದಿನ ಬೆಳಿಗ್ಗೆ ಮಾತು ಬಂತು. ಗಂಟಲು ಪರೀಕ್ಷೆ ಮಾಡಿದ ಡಾಕ್ಟರು ಏನೂ ಇಲ್ಲ ಎಂದರು. ಈಗಲೂ ಜನರನ್ನು ಕರೆದುಕೊಂಡು ಪಾರ್ಕಿಗೆ ಹೋಗುತ್ತಾನೆ, ಮಾನ ಇದ್ದವರಾದರೆ ಬೇರೆ ಕೆಲಸ ನೋಡಿಕೊಳ್ಳುತ್ತಿದ್ದರು. ಆದರೆ ಆಲದ ಮರದ ತನಕ ಮಾತ್ರ. ಅಲ್ಲಿಗೆ ಬಂದು, "ಬ್ಯಾಂಡ್‌ಸ್ಟ್ಯಾಂಡ್ ರಿಪೇರಿಯಲ್ಲಿದೆ" ಎಂದು ಎಲ್ಲರನ್ನೂ ಹಿಂದಕ್ಕೆ ತಿರುಗಿಸುತ್ತಾನೆ. ರಿಪೇರಿಯೂ ಇಲ್ಲ, ಮಣ್ಣೂ ಇಲ್ಲ.

ಆ ಸಂಜೆ ಎಲ್ಲರೂ ಹೋದ ಮೇಲೆ ಅವಳು ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿದಳು. ವಾರ್ಡಿನಲ್ಲಿ ಬಳಸುವ ಪುಟ್ಟ ಟಾರ್ಚ್ ಹಚ್ಚಿದಳು. ತಿಂಗಳುಗಟ್ಟಲೆ ಮಳೆ ಕಾಣದ ದೂಳು. ಅದರ ಮೇಲೆ ಒದ್ದೆ ಹನಿಗಳು, ಅರ್ಧ ಚಂದ್ರಾಕಾರದಲ್ಲಿ, ಒಂದೊಂದು ಕುರ್ಚಿ ಇರುತ್ತಿದ್ದ ಜಾಗದ ಎದುರಿಗೆ ಒಂದೊಂದು.

ಮೆಟ್ಟಿಲ ಪಕ್ಕದ ಕೊನೆಯ ಜಾಗದಲ್ಲಿ ಹನಿಯಿರಲಿಲ್ಲ. ಅಲ್ಲಿ ದೂಳಿನ ನಡುವೆ ಒಂದು ಚೌಕ. ಅಂಗೈಗಿಂತ ಸ್ವಲ್ಪ ದೊಡ್ಡದು, ನಾಲ್ಕು ಅಂಚೂ ಗೆರೆ ಎಳೆದಷ್ಟು ನೇರ. ಒಳಗೆ ಒಂದು ಕಣ ದೂಳಿಲ್ಲ.

ಆ ಚೌಕ ಈಗಲೂ ಇದೆ. ಸುತ್ತ ದೂಳು ಕೂರುತ್ತದೆ, ಅದರ ಮೇಲೆ ಕೂರುವುದಿಲ್ಲ. ನಂಬದವರು ಹೋಗಿ ನೋಡಬಹುದು. ಬಾಯಿ ಮುಚ್ಚಿಕೊಂಡು ಹೋಗಿ.